ನೋವಿದೆ, ಆದರೂ ನಡೆಯಲೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 44 ವರ್ಷ. ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಗೊತ್ತಾಗಿ 2 ವರ್ಷ ಆಯಿತು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ನಡೆದಿದೆ, ಊತ ಮೊದಲಿನಷ್ಟಿಲ್ಲ. ಆದರೆ ಬೆಳಗ್ಗೆ ಎದ್ದರೆ ಮುಕ್ಕಾಲು ಗಂಟೆ ಬೆರಳು ಮಡಚಲು ಬರುವುದಿಲ್ಲ. ಮೊದಲು ದಿನಾ ಕೆರೆ ದಂಡೆ ತನಕ ನಡೆದು ಬರುತ್ತಿದ್ದೆ. ಈಗ ಅತ್ತೆಯವರು "ಕೀಲು ಸವೀತಾವ, ಸುಮ್ಮ ಕುಂದ್ರು" ಅನ್ನುತ್ತಾರೆ. ತಮ್ಮ "ಬೆವರು ಬರೂತನ ನಡಿ, ಎಲ್ಲಾ ಸರಿ ಹೋಗ್ತದ" ಅನ್ನುತ್ತಾನೆ. ಅವನ ಮಾತು ಕೇಳಿ ಒಂದು ದಿನ ಒಂದು ತಾಸು ನಡೆದು, ಎರಡು ದಿನ ಮಲಗಿದೆ. ದಿನಾ ರೊಟ್ಟಿ ಬಡಿಯುತ್ತೇನೆ, ಬಟ್ಟೆ ಒಗೆಯುತ್ತೇನೆ. ಅದೇ ವ್ಯಾಯಾಮ ಸಾಕಲ್ವಾ?
– ಹೆಸರು ಬೇಡ, ಗದಗ

ಉತ್ತರ: ನಡೆಯಿರಿ ಅಕ್ಕ. ಒಂದೇ ಸಲ ಒಂದು ತಾಸು ಮಾತ್ರ ಬೇಡ.

ನಿಮ್ಮ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಕೀಲು ಹಾಳಾಗುವುದು ಆ ಉರಿಯೂತದಿಂದ. ಅದನ್ನು ಹಿಡಿದು ನಿಲ್ಲಿಸುವುದು ಮಾತ್ರೆ, ಹಾಗಾಗಿ ವ್ಯಾಯಾಮ ಶುರು ಮಾಡಿದೆ ಅಂತ ಮಾತ್ರೆ ಬಿಡಬೇಡಿ. ಅತ್ತೆಯವರ ಮೇಲೆ ಬೇಸರ ಬೇಡ. ಒಂದು ಕಾಲಕ್ಕೆ ನಾವು ಡಾಕ್ಟರುಗಳೇ ಈ ರೋಗಿಗಳಿಗೆ ವಾರಗಟ್ಟಲೆ ಹಾಸಿಗೆಯಲ್ಲೇ ಇರಿ ಅನ್ನುತ್ತಿದ್ದೆವು. ಆಮೇಲೆ ನೆದರ್ಲೆಂಡ್ಸ್‌ನಲ್ಲಿ ಸುಮಾರು 300 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 2 ವರ್ಷ ವಾರಕ್ಕೆ 2 ಸಲ ಸೈಕಲ್, ಆಟ ಎಲ್ಲಾ ಸೇರಿಸಿ ಜೋರಾಗಿಯೇ ವ್ಯಾಯಾಮ ಮಾಡಿಸಿದರು. 2003ರಲ್ಲಿ ಫಲಿತಾಂಶ ಬಂತು. ಕೈಕಾಲಿನ ಸಣ್ಣ ಕೀಲುಗಳಿಗೆ ಜಾಸ್ತಿ ಹಾನಿ ಆಗಿರಲಿಲ್ಲ, ಓಡಾಟ, ಕೆಲಸ ಸುಲಭವಾಗಿತ್ತು. ಮಂಡಿ, ಭುಜದಂಥ ದೊಡ್ಡ ಕೀಲು ಮೊದಲೇ ತುಂಬಾ ಹಾಳಾಗಿದ್ದವರು ಮಾತ್ರ ಜೋಪಾನವಾಗಿರಬೇಕು.

ಕೂತರೆ ಆಗುವ ನಷ್ಟ ಕಣ್ಣಿಗೆ ಕಾಣುವುದಿಲ್ಲ. ತೊಡೆಯ ಸ್ನಾಯು ಕರಗುತ್ತದೆ, ಆಗ ಮಂಡಿಯ ಮೇಲೆ ಇನ್ನೂ ಭಾರ. ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಮೂಳೆಯೂ ತೆಳುವಾಗುತ್ತದೆ. ಈ ಕಾಯಿಲೆ ಇರುವವರಿಗೆ ಹೃದಯದ ತೊಂದರೆ ಬೇರೆಯವರಿಗಿಂತ ಜಾಸ್ತಿ, ಇದನ್ನು ಬಹಳ ಜನರಿಗೆ ಯಾರೂ ಹೇಳಿಯೇ ಇರುವುದಿಲ್ಲ.

ಬೆಳಗಿನ ಬಿಗಿತ ಬಿಟ್ಟ ಮೇಲೆ 10 ನಿಮಿಷ ನಡೆಯಿರಿ, ಸಂಜೆ ಇನ್ನೊಂದು 10 ನಿಮಿಷ. ನಡೆದು 2 ತಾಸು ಕಳೆದರೂ ಕೀಲು ನೋವು ಮೊದಲಿಗಿಂತ ಜಾಸ್ತಿಯೇ ಇದ್ದರೆ, ಅಥವಾ ಮರುದಿನ ಊತ ಬಂದರೆ, ಅವತ್ತಿನದು ಹೆಚ್ಚಾಯಿತು ಅಂತ ಅರ್ಥ. ಮುಂದಿನ ಸಲ ಸ್ವಲ್ಪ ಇಳಿಸಿ, ಪೂರ್ತಿ ಬಿಡಬೇಡಿ. ತೊಡೆಯ ಸ್ನಾಯು ಹಿಡಿದಂತಾದರೆ ಅದಕ್ಕೆ ಹೆದರಬೇಕಿಲ್ಲ. ಹೀಗೆ ನಿಧಾನವಾಗಿ ಏರಿಸುತ್ತಾ ವಾರಕ್ಕೆ 150 ನಿಮಿಷ ಮುಟ್ಟಿದರೆ ಸಾಕು, ಎಷ್ಟು ತಿಂಗಳು ಹಿಡಿದರೂ ಚಿಂತೆಯಿಲ್ಲ. ತೆಳು ಹವಾಯಿ ಚಪ್ಪಲಿ ಬೇಡ. ಬೆರಳ ಹತ್ತಿರ ಅಗಲ ಇರುವ, ಮೆತ್ತನೆ ಅಟ್ಟೆಯ ಶೂ ಹಾಕಿಕೊಳ್ಳಿ.

ಇನ್ನು ರೊಟ್ಟಿ. ರೊಟ್ಟಿ ಬಡಿಯುವಾಗ ಪೆಟ್ಟು ಬೀಳುವುದು ನಿಮ್ಮ ಮಣಿಕಟ್ಟಿಗೆ, ಬೆರಳ ಬುಡಕ್ಕೆ, ಅಂದರೆ ಈ ಕಾಯಿಲೆ ಮೊದಲು ಹಿಡಿಯುವ ಜಾಗಕ್ಕೇ. ತೊಡೆಗಾಗಲಿ ಹೃದಯಕ್ಕಾಗಲಿ ಅದರಿಂದ ಏನೂ ಸಿಗುವುದಿಲ್ಲ. ಬಟ್ಟೆ ಹಿಂಡುವುದೂ ಅಷ್ಟೇ. ಮನೆಕೆಲಸ ಮಾಡಿ ಸುಸ್ತಾಗುವುದೇ ಬೇರೆ, ವ್ಯಾಯಾಮವೇ ಬೇರೆ. ಹಿಂಡುವ ಬದಲು ಎರಡು ಅಂಗೈ ನಡುವೆ ಒತ್ತಿ ನೀರು ಬಸಿಯಿರಿ, ಚೀಲವನ್ನು ಬೆರಳಲ್ಲಿ ಹಿಡಿಯದೆ ಮುಂಗೈಗೆ ಹಾಕಿಕೊಳ್ಳಿ. ಊತ ಇರುವ ದಿನ ರೊಟ್ಟಿಯನ್ನು ಮನೆಯ ಗಂಡಸರು ಬಡಿಯಲಿ, ಬರದಿದ್ದರೆ ಕಲಿಯಲಿ. ನಿಮ್ಮ ಔಷಧಿಯ ಜೊತೆ ಇದನ್ನೂ ಬರೆದುಕೊಡುತ್ತಿದ್ದೇನೆ ಅಂದುಕೊಳ್ಳಿ.

ಕೈಗೆ ಬೇರೆಯೇ ವ್ಯಾಯಾಮ ಬೇಕು. ಎದ್ದ ತಕ್ಷಣ ಬೋಗುಣಿಯಲ್ಲಿ ಬೆಚ್ಚಗಿನ ನೀರಿಟ್ಟು, ಕೈ ಮುಳುಗಿಸಿ ಮುಷ್ಟಿ ಕಟ್ಟಿ ಬಿಡಿಸಿ, ಹೆಬ್ಬೆರಳನ್ನು ಒಂದೊಂದೇ ಬೆರಳಿಗೆ ಮುಟ್ಟಿಸಿ. ಬಿಗಿತ ಬಿಟ್ಟ ಮೇಲೆ ಮೆತ್ತನೆ ಸ್ಪಂಜು ಹಿಂಡಿ. ಇಂಗ್ಲೆಂಡಿನಲ್ಲಿ 490 ರೋಗಿಗಳನ್ನು ಸೇರಿಸಿ ಇಂಥ ಕೈ ವ್ಯಾಯಾಮವನ್ನು ಪರೀಕ್ಷೆ ಮಾಡಿದ್ದರು, ಮಾಡಿದವರ ಕೈ ಒಂದು ವರ್ಷದ ನಂತರವೂ ಚೆನ್ನಾಗಿ ಕೆಲಸಕ್ಕೆ ಬರುತ್ತಿತ್ತು. ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ಸರಿಯಾಗಿ ಕಲಿತು ಬನ್ನಿ.

ಕೀಲು ಬಿಸಿಯಾಗಿ ಊದಿಕೊಂಡ ದಿನ ಆ ಕೀಲಿಗೆ ರಜೆ ಕೊಡಿ. ಮೆಲ್ಲಗೆ ಎರಡು ಮೂರು ಸಲ ಮಡಚಿ ಬಿಡಿಸಿದರೆ ಸಾಕು.

ಪ್ರಶ್ನೆ: ನನಗೆ 58 ವರ್ಷ, 15 ವರ್ಷದಿಂದ ಆರ್‌ಎ (ರುಮಟಾಯ್ಡ್ ಆರ್ಥ್ರೈಟಿಸ್) ಇದೆ. ಯೋಗ ಕ್ಲಾಸಿಗೆ ಸೇರಿದ್ದೇನೆ. ಸರ್ವಾಂಗಾಸನ ಮಾಡಬಹುದೇ?
– ಓದುಗರು, ಮೈಸೂರು

ಉತ್ತರ: ಬೇಡ ಸರ್. ಶೀರ್ಷಾಸನವೂ ಬೇಡ. ಕಾಯಿಲೆ ಹಳೆಯದಾದ ಮೇಲೆ ಕೆಲವರಿಗೆ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲವಾಗಿರುತ್ತದೆ, ನೋವೇ ಇಲ್ಲದೆಯೂ ಆಗಿರಬಹುದು. ಕ್ಲಾಸ್ ಮುಂದುವರಿಸುವ ಮೊದಲು ಕುತ್ತಿಗೆಯ ಎಕ್ಸ್‌ರೇ ಬೇಕೇ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಕೈಕಾಲು ಜೋಮು ಹಿಡಿದರೆ, ಶಕ್ತಿ ಕುಂದಿದರೆ ಅವತ್ತೇ ತೋರಿಸಿ. ಸೂರ್ಯ ನಮಸ್ಕಾರದಲ್ಲಿ ಮಣಿಕಟ್ಟಿನ ಮೇಲೆ ಮೈಭಾರ ಬೀಳುತ್ತದೆ, ಗೋಡೆ ಅಥವಾ ಕುರ್ಚಿ ಆಸರೆಯಲ್ಲಿ ಮಾಡಿ. ತಾಡಾಸನ, ಪ್ರಾಣಾಯಾಮ ಧಾರಾಳವಾಗಿ ಮಾಡಬಹುದು. ಇನ್ನೊಂದು ಮಾತು, ಮುಂದೆ ಯಾವುದಾದರೂ ಆಪರೇಷನ್ ಇದ್ದರೆ ಅನಸ್ತೇಷಿಯಾ ಕೊಡುವವರಿಗೆ ಈ 15 ವರ್ಷದ ವಿಷಯ ಮೊದಲೇ ಹೇಳಿ. ಉಸಿರಿನ ನಳಿಕೆ ಹಾಕಲು ಅವರು ಕುತ್ತಿಗೆ ಬಾಗಿಸಬೇಕಾಗುತ್ತದೆ.