ಬುದ್ಧಿಹಲ್ಲು ಕೀಳಿಸಿ 3 ವಾರವಾದರೂ ಕೆಳತುಟಿಯ ಜೋಮು ಬಿಟ್ಟಿಲ್ಲ, ಸರಿಹೋಗುತ್ತಾ?

ಬಹುತೇಕರಿಗೆ ಸರಿಹೋಗುತ್ತದೆ, ಆದರೆ ನಿಧಾನ, ತಿಂಗಳುಗಳೇ ಹಿಡಿಯಬಹುದು. ತುಟಿ, ಗದ್ದದ ಸ್ಪರ್ಶದ ನರ ಕೆಳದವಡೆಯ ಮೂಳೆಯೊಳಗೆ ಬುದ್ಧಿಹಲ್ಲಿನ ಬೇರಿನ ಪಕ್ಕದಲ್ಲೇ ಹೋಗುತ್ತದೆ, ಹಲ್ಲು ಕೀಳುವಾಗ ಅದು ಜಜ್ಜಿದರೆ ಜೋಮು. ಹಾಳಾದ ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಅಷ್ಟೇ. ನಡುವೆ ಚುಮುಚುಮು ಅಂದರೆ ಒಳ್ಳೆಯ ಲಕ್ಷಣ.

ಅಲ್ಲಿಯವರೆಗೆ ಚಹಾದ ಬಿಸಿಯನ್ನು ಬೆರಳಲ್ಲಿ ನೋಡಿ, ಖಡಕ್ ರೊಟ್ಟಿ ಇನ್ನೊಂದು ಬದಿಯಲ್ಲಿ ಅಗಿಯಿರಿ. ತುಟಿ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ ಅಲ್ವಾ. ಊಟವಾದ ಮೇಲೆ ಕನ್ನಡಿ ನೋಡಿ, ಗದ್ದಕ್ಕೆ ಶೇಂಗಾ ಹಿಂಡಿ ಅಂಟಿರುತ್ತದೆ!

ಹಲ್ಲು ಕಿತ್ತ ಡಾಕ್ಟರಿಗೆ ಈಗಲೇ ಹೇಳಿ. 3 ತಿಂಗಳಾದರೂ ಒಂಚೂರೂ ಬದಲಾಗದಿದ್ದರೆ ದವಡೆ ಸರ್ಜನ್‌ಗೆ ತೋರಿಸಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಡೆಂಟಲ್ ಕಾಲೇಜಿದೆ. ಬಾಯಿ ಸೊಟ್ಟಗಾಗಿ ಕಣ್ಣು ಮುಚ್ಚಲು ಬರದಿದ್ದರೆ ಮಾತ್ರ ಅದು ಬೇರೆ ನರದ ತೊಂದರೆ, ಸುಮ್ನೆ ಕಾಯದೆ ಅವತ್ತೇ ಹೋಗಿ.