ಒಟಿ ಓದಲು ಬೇರೆ ರಾಜ್ಯಕ್ಕೆ ಹೋಗಲಾ ಅಂದವರಿಗೆ

ಮೈಸೂರಿನಲ್ಲಿ ಸೈಕಾಲಜಿ ಬಿ.ಎಸ್ಸಿ. ಮಾಡಿ, ಮದುವೆಯಾಗಿ ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾ ಇರುವವರ ಸಂಗಾತಿಗೆ ಸಿಗುವ ವೀಸಾ) ಟೆಕ್ಸಾಸ್‌ನ ಫ್ರಿಸ್ಕೋಗೆ ಬಂದು ಎರಡು ವರ್ಷವಾಯಿತು ಅಂದಿದ್ದೀರಿ. ಆಕ್ಯುಪೇಷನಲ್ ಥೆರಪಿ (ಒಟಿ), ಅಂದರೆ ಕಾಯಿಲೆಯೋ ಪೆಟ್ಟೋ ಆದವರು ಸ್ನಾನ, ಊಟದಂಥ ದಿನದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ, ಓದುವ ಮನಸ್ಸಿದೆ. ಡಲ್ಲಾಸ್‌ನ ಟೆಕ್ಸಾಸ್ ವುಮನ್ಸ್ ಯೂನಿವರ್ಸಿಟಿಗೆ ಹಾಕಲಾ, ಇಲ್ಲಾ ಹೆಸರು ದೊಡ್ಡದು ಅಂತ ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಗೆ ಹೋಗಲಾ ಅನ್ನೋದು ನಿಮ್ಮ ಪ್ರಶ್ನೆ, ಅಲ್ವಾ?

ನಾನು ಹದಿನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಊರಿನಲ್ಲಿ ಈಗಲೂ ನನ್ನನ್ನು ಫಿಸಿಯೋ ಅಂತಲೇ ಪರಿಚಯ ಮಾಡಿಕೊಡುತ್ತಾರೆ, ತಿದ್ದುವುದನ್ನು ಬಿಟ್ಟಿದ್ದೇನೆ. ಇಷ್ಟು ವರ್ಷದಲ್ಲಿ ಒಬ್ಬ ಪೇಷೆಂಟೂ ನೀವು ಎಲ್ಲಿ ಓದಿದ್ದು ಅಂತ ಕೇಳಿಲ್ಲ. ಸ್ಟ್ರೋಕ್ ಆದವರು ಕೇಳೋದು, ನಾನು ಮತ್ತೆ ಒಬ್ಬನೇ ಸ್ನಾನ ಮಾಡೋದು ಯಾವಾಗ ಅಂತ. ಆದ್ದರಿಂದ ಹೆಸರಿಗೆ ದುಡ್ಡು ಸುರಿಯಬೇಡಿ. ಎಕೋಟ್ (ಒಟಿ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇದೆಯಾ ನೋಡಿ, ಅದು ಮುಖ್ಯ. ಹೊಸ ಕಾಲೇಜುಗಳು ಪೂರ್ತಿ ಮಾನ್ಯತೆ ಸಿಗುವ ಮೊದಲೇ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತವೆ. ಕೊನೆಗೂ ಅದು ಸಿಗದಿದ್ದರೆ ನೀವು ಎನ್‌ಬಿಕಾಟ್ ಅನ್ನೋ ದೇಶಮಟ್ಟದ ಒಟಿ ಪರೀಕ್ಷೆಗೆ ಕೂರುವ ಹಾಗಿಲ್ಲ, ಪರೀಕ್ಷೆ ಇಲ್ಲದೆ ಲೈಸೆನ್ಸ್ ಇಲ್ಲ.

ಮಾಸ್ಟರ್ಸಾ, ಡಾಕ್ಟರೇಟಾ? 2027ರಿಂದ ಎಲ್ಲರಿಗೂ ಡಾಕ್ಟರೇಟ್ ಕಡ್ಡಾಯ ಅಂತ ಯಾರೋ ಹೆದರಿಸಿದ್ದಾರೆ. ಅದು 2017ರ ಮಾತು. 2019ರಲ್ಲೇ ಅದನ್ನು ಕೈಬಿಟ್ಟು ಎರಡೂ ದಾರಿ ಉಳಿಸಿದರು. ಲೈಸೆನ್ಸ್ ಒಂದೇ. ಡಾಕ್ಟರೇಟ್‌ಗೆ ಕ್ಯಾಪ್‌ಸ್ಟೋನ್ ಅಂತ 14 ವಾರದ ಕೊನೆಯ ಪ್ರಾಜೆಕ್ಟ್ ಜಾಸ್ತಿ, ಫೀಸೂ ಜಾಸ್ತಿ. ಪಾಠ ಮಾಡುವ ಆಸೆ ಇಲ್ಲದಿದ್ದರೆ ನನ್ನ ಓಟು ಮಾಸ್ಟರ್ಸ್‌ಗೆ.

ನೀವು ಕೇಳದೇ ಬಿಟ್ಟ ವಿಷಯ ಫೀಲ್ಡ್‌ವರ್ಕ್, ಅಂದರೆ ಆಸ್ಪತ್ರೆಯಂಥ ಕಡೆ ಪೇಷೆಂಟುಗಳ ಜೊತೆ ಮಾಡುವ ತರಬೇತಿ. ಕ್ಲಾಸು ಮುಗಿದ ಮೇಲೆ ಲೆವೆಲ್ ಟು ಅಂತ 24 ವಾರ ಇರುತ್ತದೆ, ಸಾಮಾನ್ಯವಾಗಿ ಎರಡು ಜಾಗದಲ್ಲಿ ಹನ್ನೆರಡು ಹನ್ನೆರಡು ವಾರ. ಆಫೀಸಿನವರ ಹಾಗೆ ಪೂರ್ತಿ ದಿನ ಕೆಲಸ, ಸಂಬಳ ಸಾಮಾನ್ಯವಾಗಿ ಇಲ್ಲ, ಫೀಸು ಮಾತ್ರ ಕಟ್ಟಬೇಕು. ನಾನು ಒಹಾಯೋದಲ್ಲಿ ಓದಿದವಳು. ಊರಲ್ಲೇ ಆಸ್ಪತ್ರೆಗಳಿವೆ ಅಂತ ನೆಮ್ಮದಿಯಾಗಿದ್ದೆ. ಎರಡನೇ ಸುತ್ತಿಗೆ ಕಾಲೇಜಿನವರು ನಾಲ್ಕು ಗಂಟೆ ದಾರಿಯ ಒಂದು ಸಣ್ಣ ಊರು ಕೊಟ್ಟರು, ಅದೂ ಜನವರಿಯಲ್ಲಿ. ಇತ್ತ ಅಪಾರ್ಟ್‌ಮೆಂಟಿನ ಬಾಡಿಗೆ, ಅತ್ತ ಒಂದು ರೂಮಿನ ಬಾಡಿಗೆ. ಹಿಮ ಬಿದ್ದ ದಾರಿಯಲ್ಲಿ ಶುಕ್ರವಾರ ರಾತ್ರಿ ಮನೆಗೆ ಬಂದು ಭಾನುವಾರ ವಾಪಸ್ ಹೋಗುತ್ತಿದ್ದೆ. ಫ್ರಿಡ್ಜ್ ತುಂಬ ಸಾರಿನ ಡಬ್ಬಿ. ಮಗಳಿಗೆ ಆಗ ಮೂರು ವರ್ಷ.

ಹಾಗಾಗಿ ಅರ್ಜಿ ಹಾಕುವ ಮೊದಲೇ ಫೀಲ್ಡ್‌ವರ್ಕ್ ಕೋಆರ್ಡಿನೇಟರ್‌ಗೆ ಮೇಲ್ ಬರೆಯಿರಿ. ಹಿಂದಿನ ಬ್ಯಾಚಿನವರು ಎಲ್ಲೆಲ್ಲಿ ಹೋದರು, ಕೊನೆಯ ಹಂತದಲ್ಲಿ ಡಲ್ಲಾಸ್‌ಗೆ ವಾಪಸ್ ಬಂದು ಮಾಡಬಹುದಾ ಅಂತ ಕೇಳಿ. ಕಾಲೇಜಿಗೂ ಆಸ್ಪತ್ರೆಗೂ ಮೊದಲೇ ಒಪ್ಪಂದ ಇರಬೇಕು, ಹೊಸ ಒಪ್ಪಂದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನೀವೇ ಆಸ್ಪತ್ರೆಗೆ ಫೋನ್ ಮಾಡಿ ಜಾಗ ಹುಡುಕಬೇಡಿ, ಎಷ್ಟೋ ಕಾಲೇಜುಗಳು ಅದನ್ನು ಒಪ್ಪುವುದಿಲ್ಲ.

ಇನ್ನು ದುಡ್ಡು. ಟೆಕ್ಸಾಸ್‌ನಲ್ಲಿ ಎಚ್-4 ಇದ್ದವರೂ ಹನ್ನೆರಡು ತಿಂಗಳು ನೆಲೆ ನಿಂತಿದ್ದಕ್ಕೆ ದಾಖಲೆ ತೋರಿಸಿದರೆ ಇನ್-ಸ್ಟೇಟ್ ಫೀಸಿಗೆ (ಆ ರಾಜ್ಯದವರಿಗೆ ಇರುವ ಕಡಿಮೆ ಫೀಸು) ಅರ್ಹರಾಗಬಹುದು. ಕೊಲೊರಾಡೊಗೆ ಹೋದ ದಿನವೇ ನೀವು ಹೊರಗಿನವರು. ಓದುವುದಕ್ಕೇ ಬಂದವರನ್ನು ಅಲ್ಲಿನವರು ಅಂತ ಸುಲಭಕ್ಕೆ ಒಪ್ಪುವುದೂ ಇಲ್ಲ. ಪಶ್ಚಿಮದ ರಾಜ್ಯಗಳು ವಿಚೀ ಅಂತ ಒಂದು ಒಪ್ಪಂದ ಮಾಡಿಕೊಂಡು ಪರಸ್ಪರ ವಿದ್ಯಾರ್ಥಿಗಳಿಗೆ ಫೀಸು ಇಳಿಸುತ್ತವೆ. ಕೊಲೊರಾಡೊ ಅದರಲ್ಲಿದೆ, ಟೆಕ್ಸಾಸ್ ಇಲ್ಲ. ಸರ್ಕಾರದ ಸ್ಟೂಡೆಂಟ್ ಲೋನ್ ಎಚ್-4ಗೆ ಸಿಗುವುದಿಲ್ಲ, ಅದೂ ಲೆಕ್ಕದಲ್ಲಿರಲಿ. ಓದು ಮುಗಿದ ಮೇಲೆ ಕೆಲಸಕ್ಕೆ ಇಎಡಿ, ಅಂದರೆ ಕೆಲಸದ ಪರವಾನಗಿ ಕಾರ್ಡ್, ಬೇಕು. ಯಜಮಾನರ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದೆಯಾ? ಇಲ್ಲದಿದ್ದರೆ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಯಿಸುವ ಯೋಚನೆ ಬರುತ್ತದೆ, ಆಗ ಟೆಕ್ಸಾಸ್‌ನ ಇನ್-ಸ್ಟೇಟ್ ಫೀಸು ಕೈತಪ್ಪಬಹುದು. ಇದೊಂದನ್ನು ಸುಮ್ನೆ ಗೆಳತಿಯರ ಮಾತು ಕೇಳಿ ಮಾಡಬೇಡಿ, ಲಾಯರ್‌ಗೆ ಕೇಳಿ.

ಲೈಸೆನ್ಸ್ ಆಯಾ ರಾಜ್ಯದ್ದು. ಆದರೆ ಪರೀಕ್ಷೆ ಇಡೀ ದೇಶಕ್ಕೆ ಒಂದೇ. ಕೊಲೊರಾಡೊದಲ್ಲಿ ಓದಿ ಟೆಕ್ಸಾಸ್ ಲೈಸೆನ್ಸ್ ತೆಗೆದುಕೊಳ್ಳಬಹುದು, ಇಲ್ಲಿನ ಕಾನೂನಿನ ಮೇಲೆ ಒಂದು ಸಣ್ಣ ಪರೀಕ್ಷೆ ಇದೆ ಅಷ್ಟೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಈಗಲೇ ಮಾಡಬೇಕಾದ್ದು ಬೇರೆ. ನಿಮ್ಮ ಅಂಕಪಟ್ಟಿಯನ್ನು ವೆಸ್‌ಗೆ (ಹೊರದೇಶದ ಓದನ್ನು ಅಮೆರಿಕದ ಲೆಕ್ಕಕ್ಕೆ ಅಳೆಯುವ ಸಂಸ್ಥೆ) ಕಳಿಸಿ, ಒಂದೊಂದು ವಿಷಯದ ಮೌಲ್ಯಮಾಪನ ಕೇಳಿ. ಯೂನಿವರ್ಸಿಟಿಯಿಂದ ಮೊಹರು ಹಾಕಿದ ಲಕೋಟೆ ಬರುವುದಕ್ಕೆ ಎಷ್ಟು ಓಡಾಟ ಅಂತ ನಿಮಗೆ ಹೇಳಬೇಕಿಲ್ಲ, ಊರಿನಲ್ಲಿ ತಮ್ಮನೋ ಅಪ್ಪನೋ ಇದ್ದರೆ ಈ ವಾರವೇ ಹೊರಡಿಸಿ. ಸೈಕಾಲಜಿ ಓದಿದ್ದೀರಿ, ಒಳ್ಳೇದೇ. ಅನಾಟಮಿ ಫಿಸಿಯಾಲಜಿ ಲ್ಯಾಬ್ ಸಮೇತ ಎರಡು ಸೆಮಿಸ್ಟರ್ ಬೇಕಾಗಬಹುದು, ಅದಕ್ಕೆ ಮನೆ ಹತ್ತಿರವೇ ಕಾಲಿನ್ ಕಾಲೇಜ್ ಇದೆ. ಅದು ಮುಗಿಯುವಷ್ಟರಲ್ಲಿ ಕೋಆರ್ಡಿನೇಟರ್ ಉತ್ತರಗಳೂ ಬಂದಿರುತ್ತವೆ. ಬಂದ ಮೇಲೆ ನನಗೂ ಕಳಿಸಿ, ಒಟ್ಟಿಗೆ ನೋಡೋಣ.