ಈಜಿಪ್ಟಿನಿಂದಾದ ಬಿಡುಗಡೆಯ ಹಳೆಯ ಕಥೆಗೆ ಯಹೂದಿಗಳು ಇಂದಿನ ಘಟನೆಗಳನ್ನು ಜೋಡಿಸುವುದೇಕೆ?

ತಮ್ಮ ಪೂರ್ವಜರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದುದನ್ನು ಯಹೂದಿಗಳು ನೆನೆಯುವ ಪಸ್ಕ ಹಬ್ಬದ ವಿಧಿಯೇ ಅದನ್ನು ಬಯಸುತ್ತದೆ. ಇದು ಆಧುನಿಕರು ಹಚ್ಚಿದ ಹೊಸ ಬಣ್ಣವಲ್ಲ. ಹಬ್ಬದ ರಾತ್ರಿ 'ಸೇದರ್' ಎಂಬ ವಿಧಿಬದ್ಧ ಊಟದಲ್ಲಿ ಓದುವ 'ಹಗ್ಗಾದಾ' ಪಠ್ಯವು, ಪ್ರತಿ ತಲೆಮಾರಿನಲ್ಲೂ ಮನುಷ್ಯನು ತಾನೇ ಈಜಿಪ್ಟಿನಿಂದ ಹೊರಬಂದವನೆಂದು ಭಾವಿಸಬೇಕು ಎನ್ನುತ್ತದೆ. ಆದ್ದರಿಂದ ಕಥೆ ಬರಿಯ ಓದಾಗಿ ಉಳಿಯದೆ ನಾಲಿಗೆಗೂ ಇಳಿಯುತ್ತದೆ: ದಾಸ್ಯದ ನೆನಪಿಗೆ ಕಹಿ ಸೊಪ್ಪನ್ನು ಅಗಿಯುತ್ತಾರೆ, ಹಸಿರೆಲೆಯನ್ನು ಕಣ್ಣೀರಿನ ಸಂಕೇತವಾದ ಉಪ್ಪುನೀರಿನಲ್ಲಿ ಅದ್ದಿ ತಿನ್ನುತ್ತಾರೆ, ಮತ್ತು ಈ ರಾತ್ರಿ ಬೇರೆ ರಾತ್ರಿಗಳಂತಲ್ಲವೇಕೆ ಎಂದು ಮನೆಯ ಕಿರಿಯ ಮಗು ಕೇಳುತ್ತದೆ. 'ನಾನು' ಎಂದು ಹೇಳಿಸುವ ಕಥೆಯೊಳಗೆ ಹೇಳುವವನ ಕಾಲವೂ ಬಂದು ಕೂರುವುದು ಸಹಜ.

ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ಸರಿಯಾಗಿ ಒಂದು ವರ್ಷಕ್ಕೆ, 1969ರ ಏಪ್ರಿಲ್ 4ರಂದು, ವಾಷಿಂಗ್ಟನ್ನಿನ ಕರಿಯರ ಚರ್ಚೊಂದರಲ್ಲಿ ನಡೆದ 'ಸ್ವಾತಂತ್ರ್ಯ ಸೇದರ್' ಯಹೂದಿಗಳ ಬಿಡುಗಡೆಯನ್ನು ಅಮೆರಿಕದ ಕರಿಯರ ಹೋರಾಟದೊಂದಿಗೆ ಸೇರಿಸಿ ಓದಿತು. 2024ರಲ್ಲಿ ಗಾಜಾದಲ್ಲಿ ಒತ್ತೆಯಾಳಾಗಿದ್ದವರಿಗಾಗಿ ಅನೇಕ ಮನೆಗಳು ಊಟದ ಮೇಜಿನ ಬಳಿ ಒಂದು ಕುರ್ಚಿಯನ್ನು ಖಾಲಿ ಬಿಟ್ಟವು. ಇಂಥ ಸೇರ್ಪಡೆಗಳನ್ನು ಒಪ್ಪದ ಸಂಪ್ರದಾಯಸ್ಥರೂ ಇದ್ದಾರೆ. ಆದರೆ ಕಹಿ ಸೊಪ್ಪನ್ನು ಅವರೂ ಅಗಿಯಲೇಬೇಕು.